ಕಾಲಡಿಗೆ ಫರ್ಸಿ, ಮುಖಕ್ಕೆ ಗಾಜು

ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಕಣ್ಣಿಗೆ ವಿಕಾರವಾದದ್ದು ಯಾವುದೆಂದು ಕೇಳಿದರೆ ಹೊರಗಿನವರು ಥಟ್ಟನೆ ಸಿಮೆಂಟ್ ಕಾರ್ಖಾನೆಯತ್ತ ಬೊಟ್ಟು ಮಾಡುತ್ತಾರೆ. ನನಗೆ ಹಾಗನಿಸುವುದಿಲ್ಲ. 1968ರಲ್ಲಿ ಶುರುವಾದ ಎಸಿಸಿ ಕಾರ್ಖಾನೆಯ ಚಿಮಣಿ, ಸೈಲೊಗಳು ಚೆಂದ ಕಾಣಲೆಂದು ನಿಂತವಲ್ಲ. ನೆಲದಡಿ ಸುಣ್ಣಕಲ್ಲಿದೆ, ಮಗ್ಗುಲಲ್ಲೇ ರೈಲು ಜಂಕ್ಷನ್ ಇದೆ, ಅದಕ್ಕೆ ಅವು ಅಲ್ಲಿವೆ. ಧೂಳಿನ ತಕರಾರು ನ್ಯಾಯವಾದದ್ದೇ, ಆದರೆ ಅದು ಬೇರೆ ಲೆಕ್ಕ. ನಿಜಕ್ಕೂ ಚುಚ್ಚುವುದು ಈ ಭಾಗದ ಊರುಗಳ ಬಜಾರಿನಲ್ಲಿ ಏಳುತ್ತಿರುವ ಕಾಂಪ್ಲೆಕ್ಸುಗಳು. ಪಡುವಣಕ್ಕೆ ಮುಖ ಮಾಡಿದ ನೀಲಿ ಗಾಜು, ಸುತ್ತ ಮಿರಿಮಿರಿ ಅಲ್ಯೂಮಿನಿಯಂ (ಎಸಿಪಿ) ಶೀಟು. ಏಪ್ರಿಲ್ ಬಂತೆಂದರೆ ಬಿಸಿಲು ತಾಳಲಾರದೆ ಒಳಗಿನಿಂದ ಪರದೆ ಬಿಟ್ಟು, ಹಾಡಹಗಲೇ ಟ್ಯೂಬ್‌ಲೈಟ್ ಹಚ್ಚಬೇಕು. ಬೆಳಕಿಗೆಂದು ಹಾಕಿಸಿದ ಗಾಜಿನ ಗತಿ ಇದು.

ಇಲ್ಲಿನ ಕಲ್ಲು ಪದರ ಪದರವಾಗಿ ಕೂತಿದೆ. ಉಳಿ ಇಟ್ಟು ಬಡಿದರೆ ಹಲಗೆಯ ಹಾಗೆ ಏಳುತ್ತದೆ. ಅದೇ ಶಹಾಬಾದಿ ಫರ್ಸಿ. ಭೀಮಾ ದಂಡೆಯ ಕನಗನಹಳ್ಳಿ ಸ್ತೂಪಕ್ಕೆ ಹೊದಿಸಿದ ಫಲಕಗಳೂ ಸುಣ್ಣಕಲ್ಲಿನವೇ. ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿದ್ದು ಅವುಗಳ ನಡುವೆಯೇ. ರಾಷ್ಟ್ರಕೂಟರ ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆಯೂ ಕಲ್ಲಿನದೇ. ಹಳೆಯ ಮಾಳಿಗೆ ಮನೆಗಳಲ್ಲಿ ತೋಳುದ್ದದ ಗೋಡೆ, ಬೀದಿಗೆ ಸಣ್ಣ ಕಿಟಕಿ, ಮೇಲೆ ಬೆಳಕಿಂಡಿ. ಮಧ್ಯಾಹ್ನದ ಉರಿ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿ, ಮನೆಮಂದಿ ಹಾಸಿಗೆ ಎತ್ತಿಕೊಂಡು ಮಾಳಿಗೆ ಏರಿರುತ್ತಾರೆ.

ಸಿಮೆಂಟೂ ಇದೇ ಕಲ್ಲಿನ ಕೂಸಲ್ಲವೇ, ಅದು ಹೇಗೆ ಪರಕೀಯ ಎಂದು ಕೇಳಬಹುದು. ಒಪ್ಪಿದೆ. ಫರ್ಸಿಗೆ ಉಳಿ ಸಾಕು, ಸಿಮೆಂಟಿಗೆ 1,450 ಡಿಗ್ರಿಯ ಬೆಂಕಿ ಬೇಕು ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೂ ಕಾಂಕ್ರೀಟಿನ ಮೇಲೆ ನನಗೆ ಸಿಟ್ಟಿಲ್ಲ. ಕಂಬ, ಬೀಮು ಅದರವೇ ಇರಲಿ. ಹಳೆ ಮನೆಗಳು ಕತ್ತಲ ಗವಿ, ಹೊಗೆ ತಿಂದವರು ಹೆಂಗಸರು ಎಂಬ ಮಾತು ಸಿಮೆಂಟಿನ ಆ ಪ್ರಶ್ನೆಗಿಂತ ಗಟ್ಟಿ. ಅವನ್ನು ಬಿಟ್ಟು ಬಂದವರದು ತಪ್ಪಲ್ಲ, ಯಾರೂ ಅಲ್ಲಿಗೆ ಮರಳಬೇಕಿಲ್ಲ. ದಪ್ಪ ಗೋಡೆಗೆ ದೊಡ್ಡ ಕಿಟಕಿ ಇಟ್ಟು ಮೇಲೆ ಛಜ್ಜಾ ಚಾಚಿದರೆ ಬೆಳಕೂ ಬರುತ್ತದೆ, ನೆರಳೂ ಇರುತ್ತದೆ. ಥಳಕಿಲ್ಲದಿದ್ದರೆ ಗಿರಾಕಿ ಒಳಗೆ ಬರುವುದಿಲ್ಲ ಎಂಬುದು ಅಂಗಡಿಕಾರರ ವಾದ. ಥಳಕನ್ನು ಬೋರ್ಡಿಗೆ ಹಚ್ಚಲಿ, ಯಾರು ಬೇಡವೆಂದರು? ಪಡುವಣ ಗೋಡೆಗೆ ಮಾತ್ರ ಫರ್ಸಿ ಹೊದಿಸಿ, ಮುಂದೆ ನಾಲ್ಕಡಿ ಪಡಸಾಲೆ ಬಿಡಲಿ. ಮೇ ತಿಂಗಳ ಮೂರು ಗಂಟೆಗೆ ಗಿರಾಕಿ ಮೊದಲು ಹುಡುಕುವುದು ನೆರಳನ್ನು, ಅಂಗಡಿ ಆಮೇಲೆ.