ಹುಳುಕಡ್ಡಿಯ ಮುಲಾಮು: ಗುಣದೋಷ ವಿಚಾರ

ಗಜಕರ್ಣವೆಂದೂ ಹುಳುಕಡ್ಡಿಯೆಂದೂ ನಮ್ಮ ಜನ ಕರೆಯುವ ಚರ್ಮವ್ಯಾಧಿಗೆ, ವೈದ್ಯರ ಚೀಟಿಯಿಲ್ಲದೆಯೇ ಔಷಧದಂಗಡಿಗಳಲ್ಲಿ ಕೈಗೆ ಬರುವ ಮಿಶ್ರ ಮುಲಾಮುಗಳ ಗುಣದೋಷಗಳನ್ನು ಪರಿಶೀಲಿಸಹೊರಟವನು, ಅವು ತುರಿಕೆಯನ್ನು ಬಹುಬೇಗ ಶಮನಗೊಳಿಸುವುವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಹಗಲೆಲ್ಲ ಬೆವರಿನಲ್ಲಿ ತೊಯ್ದು ದುಡಿದು ರಾತ್ರಿ ನಿದ್ದೆಗೆಡುವವನಿಗೆ ಇದು ಅಲ್ಪವಾದ ಉಪಕಾರವಲ್ಲ. ಆದರೆ ಈ ಶಮನ ಯಾವುದರ ಫಲವೆಂದು ವಿಚಾರಿಸಿದರೆ ಗುಣವೇ ದೋಷವಾಗಿ ಪರಿಣಮಿಸುವುದು.

ಇಂಥದೊಂದು ಕೊಳವೆಯ ಮೇಲಿನ ಪಟ್ಟಿಯನ್ನೇ ಓದಿ ನೋಡಬಹುದು: ಕ್ಲೋಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಫಿನ್. ಇವುಗಳಲ್ಲಿ ಈ ವ್ಯಾಧಿಗೆ ಕಾರಣವಾದ ಶಿಲೀಂಧ್ರದ ಮೇಲೆ ಪ್ರಯೋಗಿಸತಕ್ಕದ್ದು ಕಡೆಯದೊಂದೇ. ನಡುವಿನೆರಡಕ್ಕೂ ಹುಳುಕಡ್ಡಿಗೂ ಸಂಬಂಧವಿಲ್ಲ. ಮೊದಲನೆಯದು ಅತ್ಯುಗ್ರವಾದ ಸ್ಟೀರಾಯ್ಡ್. ಚರ್ಮದ ಕೆರಾಟಿನ್ನನ್ನು ಕಿಣ್ವಗಳಿಂದ ಕರಗಿಸಿ ಜೀವಿಸುವ ಶಿಲೀಂಧ್ರದೊಡನೆ ದೇಹ ಹೂಡುವ ಹೋರಾಟವೇ ಕೆಂಪು, ಉರಿ, ತುರಿಕೆಗಳಾಗಿ ತೋರುವುದರಿಂದ, ಈ ದ್ರವ್ಯ ಕಳ್ಳನನ್ನು ಬಿಟ್ಟು ನಾಯಿಯ ಬಾಯಿ ಕಟ್ಟಿದಂತೆ ಆ ಹೋರಾಟವನ್ನೇ ಅಡಗಿಸುವುದು. ಲೇಪನ ನಿಲ್ಲಿಸಿದೊಡನೆ ರೋಗ ಮರಳುವುದು, ಉಂಗುರದೊಳಗೆ ಉಂಗುರ ಮೂಡುವುದು, ತೊಡೆಸಂದಿಯ ಚರ್ಮ ತೆಳುವಾಗಿ ಬರೆಬೀಳುವುದು.

ಇದಕ್ಕಿಂತ ಗಹನವಾದುದು ಪ್ರತಿರೋಧದ ಪ್ರಶ್ನೆ. ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ತಡೆದು, ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಉತ್ಪತ್ತಿಯಾಗದಂತೆ ಮಾಡುವುದು ಟರ್ಬಿನಫಿನ್ನಿನ ಕಾರ್ಯ. ಆ ಕಿಣ್ವದ 397ನೆಯ ಸ್ಥಾನದ ಒಂದು ಅಮೈನೋ ಆಮ್ಲ ಪಲ್ಲಟವಾದರೆ ಔಷಧ ಬಹುಮಟ್ಟಿಗೆ ನಿಷ್ಫಲವಾಗುವುದು. ಭಾರತ, ನೇಪಾಳಗಳ ರೋಗಿಗಳಲ್ಲಿ ಕಂಡ ಇಂತಹ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು; ಯುರೋಪು, ಅಮೆರಿಕಗಳಲ್ಲಿಯೂ ಅದು ಈಗ ಕಾಣಿಸಿಕೊಂಡಿದೆ. ಈ ಪಲ್ಲಟವನ್ನು ಮುಲಾಮೇ ಸೃಷ್ಟಿಸಿತೆನ್ನುವುದು ಅತ್ಯುಕ್ತಿಯಾದೀತು. ಆದರೆ ರಕ್ಷಣಾಶಕ್ತಿ ಕುಗ್ಗಿದ ಚರ್ಮಕ್ಕೆ ಔಷಧ ಅರೆಬರೆಯಾಗಿ ತಾಗುತ್ತಿರಲು, ದುರ್ಬಲವಾದವು ಅಳಿದು ಸಬಲವಾದವು ಉಳಿದು ಹಬ್ಬುವುದಕ್ಕೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ದೊರಕದು.

2018ರಲ್ಲಿ ಕೇಂದ್ರ ಸರ್ಕಾರ ಇಂತಹ ಲೇಪನಗಳ ಸ್ಟೀರಾಯ್ಡುಗಳನ್ನು ಷೆಡ್ಯೂಲ್ ಎಚ್‌ಗೆ ಒಳಪಡಿಸಿ, ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿ ಸಾಧುವಾದುದು, ಪಾಲನೆ ಶಿಥಿಲವಾದುದು. ಹುಳುಕಡ್ಡಿಯ ಚಿಕಿತ್ಸೆಯಲ್ಲಿ ಈ ಮಿಶ್ರಣಕ್ಕೆ ಸ್ಥಾನವಿಲ್ಲವೆಂಬುದೇ ನನ್ನ ನಿರ್ಣಯ. ಕೊಳ್ಳುವ ಮುನ್ನ ವಾಚಕರು ಪಟ್ಟಿಯನ್ನು ಓದಲಿ. ಕ್ಲೋಬೆಟಸಾಲ್ ಎಂದಿದ್ದರೆ ಕೊಳವೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಚರ್ಮವೈದ್ಯರಲ್ಲಿಗೆ ಹೋಗಲಿ.