ಸುದ್ದಿಯಾದ ಹುಳು, ದುಡಿಯುವ ಹುಳು

ತುಡುವೆ ಜೇನು ಸಾಕುವವರಿಗೆ ಮೇಣದ ಹುಳುವಿನ ಪರಿಚಯ ಹೇಳಬೇಕಿಲ್ಲ. ಸೊರಗಿದ ಕುಟುಂಬದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಹಳೇ ಎರಿಯ ತುಂಬ ಬಿಳಿ ನೂಲಿನ ಸುರಂಗ, ಅಡಿಹಲಗೆಯ ಮೇಲೆ ಕರೀ ಹಿಕ್ಕೆ. ನೊಣಗಳು ಆಗಲೇ ಗೂಡು ಬಿಟ್ಟಿರುತ್ತವೆ. ಇಂಥ ಹುಳುವನ್ನು ಬೇಕೆಂದೇ ಸಾಕುವವರೂ ಇದ್ದಾರೆ.

ವಿದೇಶಗಳಲ್ಲಿ ಹಲ್ಲಿ, ಓತಿ ಸಾಕುವವರು ಇದನ್ನು ಡಬ್ಬಗಟ್ಟಲೆ ಕೊಳ್ಳುತ್ತಾರೆ. ಮೈತುಂಬ ಕೊಬ್ಬು, ಸುಣ್ಣದಂಶ ತೀರಾ ಕಡಿಮೆ. ಕಾಯಿಲೆಯಿಂದೆದ್ದು ಬಡಕಲಾದ ಪ್ರಾಣಿಗೆ ನಾಲ್ಕು ಹಾಕಿದರೆ ತಪ್ಪಿಲ್ಲ. ದಿನಾ ಹಾಕಿದರೆ ಮಗುವಿಗೆ ಊಟ ತಪ್ಪಿಸಿ ಜಿಲೇಬಿ ತಿನ್ನಿಸಿದಂತೆ.

ಹುಳುವಿಗೆ ಹೆಸರು ತಂದದ್ದು ಪ್ಲಾಸ್ಟಿಕ್. ಜೇನು ಸಾಕುತ್ತಿದ್ದ ವಿಜ್ಞಾನಿ ಫೆಡೆರಿಕಾ ಬೆರ್ಟೊಕ್ಕಿನಿ ಪೆಟ್ಟಿಗೆಯಿಂದ ಹೆಕ್ಕಿದ ಹುಳುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ದರು, ಚೀಲ ತೂತಾಯಿತು. 2017ರ ಅವರ ಪ್ರಬಂಧದ ಪ್ರಕಾರ 100 ಹುಳುಗಳು 12 ಗಂಟೆಯಲ್ಲಿ ಕರಗಿಸಿದ್ದು 92 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿದೆ: ಅದೇ ವೇಗದಲ್ಲಿ ಒಂದು ಕಿಲೋ ಮುಗಿಯಲು ಸುಮಾರು 15 ವರ್ಷ! ಪ್ಲಾಸ್ಟಿಕ್ಕಿನ ಮೇಲೆ ಉಳಿದ ಹುಳುವಿನ ಮೈಯ ಅಂಶವನ್ನೇ ಪುರಾವೆಯೆಂದು ತಿಳಿದಿರಬಹುದೆಂದು ಜರ್ಮನ್ ಸಂಶೋಧಕರು ಆಗಲೇ ಆಕ್ಷೇಪಿಸಿದ್ದರು. 2022ರಲ್ಲಿ ಹುಳುವಿನ ಜೊಲ್ಲಿನ ಕಿಣ್ವಗಳೇ ಪ್ಲಾಸ್ಟಿಕ್ ಒಡೆಯುತ್ತವೆಂಬ ಸುದ್ದಿ ಬಂತು. ಮರುಪರೀಕ್ಷೆ ಮಾಡಿದ ಇನ್ನೊಂದು ತಂಡಕ್ಕೆ ಆ ಫಲ ಸಿಗಲಿಲ್ಲ. ನಮ್ಮ ಕಸದ ಚಿಂತೆಯನ್ನು ಹುಳುವಿನ ತಲೆಗೆ ಕಟ್ಟುವ ಆತುರ ನನಗಂತೂ ಒಪ್ಪಿಗೆಯಿಲ್ಲ.

ನಿಜವಾದ ದುಡಿಮೆ ಪ್ರಯೋಗಾಲಯದಲ್ಲಿದೆ. ನಮ್ಮ ಮೈಯ 37 ಡಿಗ್ರಿ ಬಿಸಿಯನ್ನು ಈ ಹುಳು ತಡೆದುಕೊಳ್ಳುತ್ತದೆ. ರೋಗಾಣುವನ್ನು ಸೂಜಿಯಲ್ಲಿ ಕೊಟ್ಟರೆ, ಸೋಂಕು ಏರಿದಂತೆ ಕೆನೆಬಣ್ಣದ ಮೈ ಕಪ್ಪಾಗುತ್ತ ಹೋಗುತ್ತದೆ, ಕಣ್ಣಳತೆಯಲ್ಲೇ ತಿಳಿಯುತ್ತದೆ. ಪರೀಕ್ಷೆಗೆ ಇಲಿಯ ಬದಲು ಹುಳು ಬಳಸುವುದರಿಂದ ಎಷ್ಟೋ ಇಲಿಗಳ ಜೀವ ಉಳಿಯುತ್ತದೆ. ಮೀನಿನ ಗಾಳಕ್ಕೆ ಹುಳು ಮಾರುವ ಅಂಗಡಿಯಿಂದ ತಂದ ಹುಳುಗಳ ವಯಸ್ಸು, ತಿಂದ ಮೇವು ಒಂದೇ ಸಮ ಇರುವುದಿಲ್ಲ, ಹಾಗಾಗಿ ಫಲಿತಾಂಶವೂ ಓಲಾಡುತ್ತದೆ ಎಂಬ ದೂರು ಮಾತ್ರ ನ್ಯಾಯವಾದದ್ದೇ.

ನಮಗೆ ಹತ್ತಿರದ ಉಪಯೋಗ ಇನ್ನೊಂದು. ಅಡಿಕೆಯ ಬೇರು ಕಡಿಯುವ ಗೊಣ್ಣೆಹುಳುವನ್ನು ಕೊಲ್ಲುವ ಕಣ್ಣಿಗೆ ಕಾಣದ ಜಂತುಗಳಿವೆ. ಅವುಗಳನ್ನು ಬೆಳೆಸುವುದು ಮೇಣದ ಹುಳುವಿನೊಳಗೇ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇಂಥ ಜಂತುವಿನ ಪುಡಿಯನ್ನು ರೂಪಿಸಿದೆ. ಜಂತು ಹೊಕ್ಕ ಹುಳು ಎರಡು ದಿನದಲ್ಲಿ ಸತ್ತು ಇಟ್ಟಿಗೆಗೆಂಪಾಗುತ್ತದೆ. ಸುತ್ತ ನೀರಿರುವ ಒದ್ದೆ ಕಾಗದದ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಒಂದು ಹುಳುವಿನಿಂದ ಲಕ್ಷಕ್ಕೂ ಮಿಕ್ಕಿ ಜಂತುಗಳು ನೀರಿಗಿಳಿಯುತ್ತವೆ. ತೋಟದವರಿಗೆ ಬೇಕಾದ ಸುದ್ದಿ ಇದು.

ನೀವೇ ಸಾಕಲು ಹೊರಟರೆ ಒಂದು ಮಾತು: ಹುಳುವಿನ ಡಬ್ಬವನ್ನು ಜೇನುಪೆಟ್ಟಿಗೆಯ ಹತ್ತಿರ ಮಾತ್ರ ಇಡಬೇಡಿ.