ದುರ್ಬೀನು, ಪಲ್ಲಕ್ಕಿ, ಪಾರಿವಾಳ: ದರಿಯಾ ದೌಲತ್ ಭಿತ್ತಿಚಿತ್ರದಲ್ಲಿ ಸುದ್ದಿಯ ಹಾದಿ

(ಝುವಾರಿನಗರದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ)

ಸ್ಲೈಡ್ ಕಾಣಿಸ್ತಿದೆ ಅಂದುಕೊಳ್ತೇನೆ. ಇದು ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮ ಗೋಡೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿಯ ಪಡೆಯನ್ನು ಸೋಲಿಸಿದ ಯುದ್ಧ ಇಲ್ಲಿದೆ. ಈ ಚಿತ್ರ ಅಂದ ಕೂಡಲೇ ಆಯುಧಗಳ ಮಾತು ಬರುತ್ತೆ, ರಾಕೆಟ್ಟಿನ ಮಾತು ಬರುತ್ತೆ. ಇವತ್ತು ನಾನು ಕೇಳುವ ಪ್ರಶ್ನೆ ಬೇರೆ: ಇಲ್ಲಿ ಸುದ್ದಿ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ?

ಹಿನ್ನೆಲೆ ಚುಟುಕಾಗಿ ಹೇಳ್ತೇನೆ. ಕರ್ನಲ್ ಬೈಲಿಯ ಪಡೆ ಹೆಕ್ಟರ್ ಮನ್ರೋನ ಮುಖ್ಯ ಸೈನ್ಯವನ್ನು ಸೇರಬೇಕಿತ್ತು. ಇಬ್ಬರ ನಡುವೆ ಇದ್ದದ್ದು ಗುಂಡಿನ ಸದ್ದು ಕೇಳುವಷ್ಟೇ ದೂರ. ಆದರೂ ಸೇರಲಾಗಲಿಲ್ಲ. ಮನ್ರೋ ಕಳಿಸಿದ ಫ್ಲೆಚರ್‌ನ ತುಕಡಿ ತನ್ನ ದಾರಿತೋರುಗರನ್ನೇ ನಂಬದೆ ಹಾದಿ ಬದಲಿಸಿತು. ಹೈದರನಿಗೆ ಮಾತ್ರ ತನ್ನ ಬೇಹುಗಾರರಿಂದ ಎದುರಾಳಿಯ ಚಲನವಲನ ತಿಳಿಯುತ್ತಿತ್ತು.

ಈಗ ಗೋಡೆಗೆ ಬನ್ನಿ. ಚೌಕಾಕಾರದ ವ್ಯೂಹದ ನಡುವೆ ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಮೇಲೆ ಮದ್ದಿನ ಬಂಡಿ ಸಿಡಿಯುತ್ತಿದೆ. ಇತ್ತ ಮೈಸೂರಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿಯ ಕೈಯಲ್ಲಿ ದುರ್ಬೀನು. ಗದ್ದಲದ ಮಧ್ಯೆಯೂ ಗುಲಾಬಿ ಮೂಸುವ ನಿರಾಳ ಟಿಪ್ಪುವಿನದು. ಒಂದು ಕಡೆ ದೂರವನ್ನು ಹತ್ತಿರ ತಂದುಕೊಳ್ಳುವ ಕಣ್ಣು. ಇನ್ನೊಂದು ಕಡೆ ಯಾವ ಕಡೆಯಿಂದಲೂ ಮಾತು ಬಾರದ ಪಲ್ಲಕ್ಕಿ. ಸೋಲಿನ ಕಾರಣವನ್ನು ಕಲಾವಿದ ಹೀಗೆ ಜೋಡಣೆಯಲ್ಲೇ ಹೇಳಿಬಿಟ್ಟಿದ್ದಾನೆ.

ಇಲ್ಲೊಂದು ಆಕ್ಷೇಪ ಬರುತ್ತೆ, ಬರಬೇಕು ಕೂಡ. ನಾವು ನೋಡ್ತಿರುವುದು 1784ರ ಬಣ್ಣವೇ? ಅಲ್ಲ. 1799ರ ಮುತ್ತಿಗೆಗೆ ಮುನ್ನವೇ ಚಿತ್ರ ಕೆಟ್ಟಿತ್ತು. ಪಟ್ಟಣ ಬಿದ್ದ ಮೇಲೆ ಇಲ್ಲೇ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಆಮೇಲೆ ಮತ್ತೆ ಸುಣ್ಣ ಬಿತ್ತು. ಕೊನೆಗೆ ಡಾಲ್‌ಹೌಸಿಯ ಆದೇಶದಂತೆ, ಮೂಲ ಚಿತ್ರ ನೆನಪಿದ್ದ ದೇಶೀ ಕಲಾವಿದನೊಬ್ಬ ಮರಳಿ ಬರೆದ. ಅಂದರೆ ಗೆದ್ದವರ ಹಣದಲ್ಲಿ, ಅವರದೇ ಸೋಲಿನ ಚಿತ್ರ! ಹಾಗಾಗಿ ದುರ್ಬೀನಿನ ಆಕಾರ ನೋಡಿ 1780ರ ತಂತ್ರಜ್ಞಾನ ಹೀಗಿತ್ತು ಅಂತ ತೀರ್ಮಾನಿಸುವುದು ಅಪಾಯ. ಯಾರು ನೋಡ್ತಿದ್ದಾರೆ, ಯಾರು ಸುತ್ತುವರಿಯಲ್ಪಟ್ಟಿದ್ದಾರೆ ಎಂಬ ವಿನ್ಯಾಸ ಮಾತ್ರ ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುವಂಥದ್ದು. ನಾನು ನೆಚ್ಚಿಕೊಂಡಿರುವುದು ಅದನ್ನೇ.

ಹೋಲಿಕೆಗೆ ಪ್ಯಾರಿಸ್. 1870ರ ಸೆಪ್ಟೆಂಬರ್‌ನಿಂದ 1871ರ ಜನವರಿವರೆಗೆ ಪ್ರಷ್ಯನ್ ಮುತ್ತಿಗೆ. ಪ್ಯುವಿಸ್ ದ ಶವಾನ್ ಆಗ ‘ಬಲೂನು’, ‘ಪಾರಿವಾಳ’ ಎಂಬ ಜೋಡಿ ಚಿತ್ರ ಬರೆದ. ಮೊದಲನೆಯದರಲ್ಲಿ ಕಪ್ಪುಡುಗೆಯ ಹೆಂಗಸು ನಮಗೆ ಬೆನ್ನು ಹಾಕಿ, ಬಂದೂಕು ಹಿಡಿದು, ದೂರ ಹೋಗುವ ಬಲೂನಿನತ್ತ ಕೈಯೆತ್ತಿದ್ದಾಳೆ. ಎರಡನೆಯದರಲ್ಲಿ ಅವಳು ಪಾರಿವಾಳವನ್ನು ಎದೆಗವಚಿಕೊಂಡು ಗಿಡುಗವನ್ನು ತಡೆಯುತ್ತಿದ್ದಾಳೆ. ಬಲೂನು ನಗರದಿಂದ ಹೊರಡಬಲ್ಲದು, ಬೇಕೆಂದಾಗ ಮರಳಿ ಬಂದಿಳಿಯದು. ಆದ್ದರಿಂದ ಅದರಲ್ಲೇ ಪಾರಿವಾಳ ಒಯ್ದು, ಉತ್ತರ ಕಟ್ಟಿ ಹಾರಿಬಿಡುತ್ತಿದ್ದರು. ಒಂದು ಹಕ್ಕಿ ಸೂಕ್ಷ್ಮ ಛಾಯಾಫಿಲ್ಮಿನಲ್ಲಿ ಸಾವಿರಾರು ಸಂದೇಶ ತರಬಲ್ಲದಾಗಿತ್ತು. ಆ ಫಿಲ್ಮು ಚಿತ್ರದಲ್ಲಿ ಕಥೆಯಾಗುವುದಿಲ್ಲ. ಆದರೂ ಹೋಗುವುದು–ಬರುವುದು ಎಂಬ ವ್ಯವಸ್ಥೆ ಎರಡು ಕ್ಯಾನ್ವಾಸುಗಳಾಗಿ ನಿಂತಿದೆ.

ಪ್ಯಾರಿಸ್ಸಿನ ಚಿತ್ರ ಒಳಗೆ ಸಿಕ್ಕಿಬಿದ್ದವರ ಕಣ್ಣಿನದು, ಶ್ರೀರಂಗಪಟ್ಟಣದ್ದು ಸುತ್ತುವರಿದವರ ಕಣ್ಣಿನದು. ಹನ್ನೆರಡೇ ವರ್ಷದಲ್ಲಿ, 1792ರಲ್ಲಿ, ಅದೇ ಪಟ್ಟಣ ತಾನೇ ಮುತ್ತಿಗೆಗೆ ಸಿಕ್ಕಿತು. ಆ ಕಡೆಯ ನೋಟ ಈ ಗೋಡೆಯಲ್ಲಿಲ್ಲ. ಯುದ್ಧಚಿತ್ರ ಓದುವಾಗ ಉಪಕರಣ ಎಣಿಸುವ ಮೊದಲು ಸುದ್ದಿ ಯಾವ ದಿಕ್ಕಿಗೆ ಹರೀತಿದೆ ಅಂತ ಕೇಳೋಣ. ಚರ್ಚೆಗೆ ಇಷ್ಟು ಸಾಕು; ಪ್ರಶ್ನೆಗಳಿದ್ದರೆ ದಯವಿಟ್ಟು ಮೈಕ್ ಆನ್ ಮಾಡಿ.